ಹೋರಿ ಸತ್ತ ಮೇಲೂ ಕರು ಹುಟ್ಟುತ್ತಾ?

ಶಿವರಾತ್ರಿ ಹೊತ್ತಿಗೆ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ದನಗಳ ಜಾತ್ರೆ ಸೇರುತ್ತೆ. ನಮ್ಮ ಹಾಸ್ಟೆಲ್‌ನಲ್ಲಿ ಕೋಲಾರ ಜಿಲ್ಲೆಯವರು ನಾಲ್ಕು ಜನ ಇದ್ದೀವಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ತಾಲ್ಲೂಕಿಗೆ ಒಬ್ಬರ ಹಾಗೆ. ಇಂಟರ್ನಲ್ಸ್ ಮುಗಿಸಿಕೊಂಡು ಈ ಸಲ ನಾಲ್ಕೂ ಜನ ಒಟ್ಟಿಗೆ ಜಾತ್ರೆಗೆ ಹೋಗಿದ್ವಿ. ಹೋಗಿದ್ದು ಫೋಟೋಗೆ, ನಿಜ ಹೇಳಬೇಕಂದ್ರೆ.

ಅಲ್ಲಿ ಒಂದು ಶಾಮಿಯಾನದ ಕೆಳಗೆ ಒಂದು ಜೊತೆ ಹಳ್ಳಿಕಾರ್ ಎತ್ತು ಕಟ್ಟಿದ್ರು. ಬೂದು ಬಣ್ಣ, ಉದ್ದ ಮುಖ, ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ಏಳುವ ಚೂಪು ಕೊಂಬು, ಎರಡೂ ಒಂದೇ ಅಚ್ಚು. ಪಕ್ಕದಲ್ಲಿ ಕೂತಿದ್ದ ತಾತನನ್ನು ನಮ್ಮಲ್ಲೊಬ್ಬ ಕೇಳಿದ, "ತಾತ, ಇವುಗಳ ಅಪ್ಪ ಎಲ್ಲಿದೆ?"

"ಎಲ್ಲಿದೆ ಅಂತೀಯ, ಸತ್ತು ಮೂರು ವರ್ಷ ಆಯ್ತು. ಸುತ್ತ ಹತ್ತೂರಿಗೆ ಅದೇ ಹೋರಿ. ಆ ಸಾಲು ಅಲ್ಲಿಗೇ ನಿಂತುಹೋಯ್ತಪ್ಪ."

"ಇಂಜೆಕ್ಷನ್ ಕಡ್ಡಿ ಮಾಡಿಸಿ ಇಟ್ಟಿರಲಿಲ್ವಾ?"

ತಾತ ನಕ್ಕರು. "ಕಡ್ಡಿ ಎಲ್ಲಾ ಸೀಮೆಹಸುಗೆ ಕಣಪ್ಪ. ಹಳ್ಳಿಕಾರ್‌ಗೆ ಹೋರೀನೇ ಬೇಕು."

ವಾಪಸ್ ಬರುವಾಗ ಬಸ್ಸಲ್ಲಿ ನಮ್ಮ ಚರ್ಚೆ ಪೂರ್ತಿ ಇದೇ. ಇಟ್ಟಿದ್ದರೆ ಎಷ್ಟು ವರ್ಷ ಇರುತ್ತಿತ್ತು? ಸತ್ತ ಹೋರಿಯಿಂದ ಇನ್ನೂ ಇಪ್ಪತ್ತು ವರ್ಷ ಬಿಟ್ಟು ಕರು ಪಡೆಯೋಕೆ ಆಗುತ್ತಾ? ಆದರೆ ಅದು ಒಳ್ಳೇದಾ? ಓದಿ, ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೀತಾ ಇದ್ದೀವಿ. ನಾವು ವೆಟರ್ನರಿ ಓದುವವರಲ್ಲ. ಆದರೆ ಇದರಲ್ಲಿ ಅರ್ಧ ವಿಷಯ ಥರ್ಮೋಡೈನಮಿಕ್ಸ್, ಉಳಿದದ್ದರಲ್ಲಿ ಅರ್ಧ ಪ್ರಾಬಬಿಲಿಟಿ ಅಂತ ಗೊತ್ತಾದ ಮೇಲೆ ಧೈರ್ಯ ಬಂತು.

ಮೊದಲು ಶೈತ್ಯದ ಕಥೆ. ವೀರ್ಯಾಣುವೂ ಒಂದು ಜೀವಕೋಶ, ಅದರೊಳಗೆ ಇರುವುದು ಬಹುಪಾಲು ನೀರೇ. ಸುಮ್ಮನೆ ಫ್ರೀಜರ್‌ನಲ್ಲಿಟ್ಟರೆ ನೀರು ಹರಳುಗಟ್ಟುತ್ತೆ, ಆ ಮಂಜಿನ ಹರಳು ಚೂರಿಯ ಹಾಗೆ ಕೋಶದ ಪೊರೆಯನ್ನು ಹರಿದುಹಾಕುತ್ತೆ. ಹಾಗಾಗಿ ಬಹಳ ಕಾಲ ವೀರ್ಯವನ್ನು ತಣ್ಣಗೆ ಇಡಬಹುದಿತ್ತೇ ಹೊರತು ಹೆಪ್ಪುಗಟ್ಟಿಸಿ ಇಡೋಕೆ ಆಗ್ತಿರಲಿಲ್ಲ. ತಣ್ಣಗಿಟ್ಟದ್ದು ಎರಡು ಮೂರು ದಿನ ಬರುತ್ತಿತ್ತು, ಅಷ್ಟೇ. ಅಂದರೆ ಹೋರಿ ಬದುಕಿರಲೇಬೇಕು, ಹತ್ತಿರದಲ್ಲೇ ಇರಬೇಕು.

1949ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರಿ ಸ್ಮಿತ್, ಅಲನ್ ಪಾರ್ಕ್ಸ್ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ಪರಿಹಾರ ಕಂಡುಕೊಂಡರು. ಕಂಡುಕೊಂಡರು ಅನ್ನುವುದಕ್ಕಿಂತ ಎಡವಿದರು ಅನ್ನಬಹುದು. ಅವರು ಹುಂಜದ ವೀರ್ಯಕ್ಕೆ ಸಕ್ಕರೆಯ ದ್ರಾವಣ ಬೆರೆಸಿ ಪ್ರಯತ್ನ ಮಾಡ್ತಾ ಇದ್ದರು, ಏನೂ ಸರಿಹೋಗ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಹೆಪ್ಪುಗಟ್ಟಿದ ವೀರ್ಯಾಣುಗಳು ಕರಗಿದ ಮೇಲೆ ಓಡಾಡತೊಡಗಿದವು. ನೋಡಿದರೆ ಸೀಸೆಯ ಲೇಬಲ್ ಅದಲುಬದಲಾಗಿತ್ತು, ಒಳಗಿದ್ದದ್ದು ಗ್ಲಿಸರಾಲ್. ಲ್ಯಾಬ್‌ನಲ್ಲಿ ಲೇಬಲ್ ತಪ್ಪು ಹಚ್ಚಿ ಬೈಸಿಕೊಂಡಿರೋ ನಮಗೆ ಈ ಕಥೆ ಬಹಳ ಸಮಾಧಾನ ಕೊಟ್ಟಿತು. ಗ್ಲಿಸರಾಲ್ ನೀರಿನ ಜೊತೆ ಬೆರೆತು ದೊಡ್ಡ ಹರಳು ಕಟ್ಟದ ಹಾಗೆ ತಡೆಯುತ್ತೆ. 1951ರಲ್ಲಿ ಹೆಪ್ಪುಗಟ್ಟಿಸಿದ ವೀರ್ಯದಿಂದ ಮೊದಲ ಕರು ಹುಟ್ಟಿದ ವರದಿ ಬಂತು.

ಈಗ ಮಾಡುವ ಕ್ರಮ ಹೀಗಿದೆ. ಹೋರಿಯಿಂದ ಸಂಗ್ರಹಿಸಿದ ವೀರ್ಯಕ್ಕೆ ಮೊಟ್ಟೆಯ ಹಳದಿ ಭಂಡಾರ, ಗ್ಲಿಸರಾಲ್, ಆಂಟಿಬಯಾಟಿಕ್ ಇರುವ ದ್ರಾವಣ ಬೆರೆಸ್ತಾರೆ. ಅದನ್ನು ಸಣ್ಣ ಪ್ಲಾಸ್ಟಿಕ್ ನಳಿಕೆಗೆ ತುಂಬ್ತಾರೆ. ಇದನ್ನೇ ನಮ್ಮೂರುಗಳಲ್ಲಿ ಕಡ್ಡಿ ಅನ್ನೋದು. ಒಂದರಲ್ಲಿ ಹಿಡಿಯುವುದು ಕಾಲು ಮಿಲಿಲೀಟರ್. 4 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಆಮೇಲೆ ದ್ರವ ಸಾರಜನಕದ ಆವಿಯಲ್ಲಿ ಸರ್ರನೆ ತಣಿಸಿ, ಕೊನೆಗೆ ದ್ರವದೊಳಗೇ ಮುಳುಗಿಸಿಬಿಡ್ತಾರೆ. ಅಲ್ಲಿ ಉಷ್ಣಾಂಶ ಮೈನಸ್ 196 ಡಿಗ್ರಿ ಸೆಲ್ಸಿಯಸ್.

ಈ ಸಂಖ್ಯೆ ಯಾಕೆ ಮುಖ್ಯ ಅಂದ್ರೆ, ಸುಮಾರು ಮೈನಸ್ 130 ಡಿಗ್ರಿಗಿಂತ ಕೆಳಗೆ ಹೋದ ಮೇಲೆ ನೀರಿನ ಅಣುಗಳು ಜಾಗ ಬಿಟ್ಟು ಅಲ್ಲಾಡಲ್ಲ. ಅಣು ಅಲ್ಲಾಡದಿದ್ದರೆ ರಾಸಾಯನಿಕ ಕ್ರಿಯೆ ನಡೆಯಲ್ಲ. ಕ್ರಿಯೆ ಇಲ್ಲ ಅಂದ್ರೆ ಹಳಸುವುದೂ ಇಲ್ಲ. ಒಂದು ವರ್ಷ ಇಟ್ಟರೂ ಅಷ್ಟೇ, ಐವತ್ತು ವರ್ಷ ಇಟ್ಟರೂ ಅಷ್ಟೇ. ಇದು ಬರೀ ಥಿಯರಿ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದವರು 1968ರಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಮೆರಿನೋ ಟಗರುಗಳ ವೀರ್ಯವನ್ನು ಐವತ್ತು ವರ್ಷ ಆದ ಮೇಲೆ ತೆಗೆದು 56 ಕುರಿಗಳಿಗೆ ಹಾಕಿದರು. 34 ಗಬ್ಬ ನಿಂತವು, ಅಂದರೆ ಶೇ. 61. ಈಚೆಗೆ ಹೆಪ್ಪುಗಟ್ಟಿಸಿದ ವೀರ್ಯದ ಫಲಿತಾಂಶ ಶೇ. 59. ವ್ಯತ್ಯಾಸವೇ ಇಲ್ಲ ಅನ್ನಿ.

ಹಾಗಾದರೆ ತಾತನ ಹೋರಿಗೆ ತೊಂದರೆ ಏನಿತ್ತು? ಕಾಲ ಅಲ್ಲ. ಬೇರೆ ಎರಡು ಮೂರು ವಿಷಯ ಇದೆ.

ಒಂದು, ಕ್ಯಾನು. ನಮ್ಮ ಕಡೆ ಪಶು ಆಸ್ಪತ್ರೆಗೆ ಹೋದರೆ ಮೂಲೆಯಲ್ಲಿ ಅಲ್ಯೂಮಿನಿಯಂ ಹಂಡೆ ಥರದ್ದು ಒಂದು ಇರುತ್ತೆ, ಮುಚ್ಚಳ ತೆಗೆದರೆ ಬಿಳೀ ಹೊಗೆ. ಚಿಕ್ಕವರಿದ್ದಾಗ ಅದನ್ನು ನೋಡೋಕೆ ಅಂತಲೇ ಹಸು ಹಿಡಿದುಕೊಂಡು ಹೋಗ್ತಿದ್ದವನು ನಮ್ಮಲ್ಲೊಬ್ಬ ಇದ್ದಾನೆ. ಎರಡು ಗೋಡೆ, ಮಧ್ಯೆ ನಿರ್ವಾತ. ನಮ್ಮ ಥರ್ಮಾಸ್ ಫ್ಲಾಸ್ಕ್‌ನ ದೊಡ್ಡಣ್ಣ. ಮನೆ ಬಾಗಿಲಿಗೆ ಬಂದು ಇಂಜೆಕ್ಷನ್ ಹಾಕುವವರು ಬೈಕಿಗೆ ಕಟ್ಟಿಕೊಂಡು ಬರುವುದು 3 ಲೀಟರಿನದ್ದು. ಅದರ ಮೇಲೆ ಒಂದು ಲೆಕ್ಕ ಹಾಕಿದ್ವಿ. 3 ಲೀಟರ್ ದ್ರವ ಸಾರಜನಕ ಅಂದ್ರೆ ಸುಮಾರು 2.4 ಕೆ.ಜಿ. ಅದನ್ನು ಆವಿ ಮಾಡೋಕೆ ಕೆ.ಜಿ.ಗೆ 199 ಕಿಲೋಜೂಲ್ ಸಾಕು, ಒಟ್ಟು ಸುಮಾರು 480 ಕಿಲೋಜೂಲ್. ಒಂದೂವರೆ ಲೀಟರ್ ನೀರನ್ನು ಕುದಿಯೋ ಹಂತಕ್ಕೆ ತರೋಕೆ ಬೇಕಾದಷ್ಟೇ ಶಾಖ! ಒಂದು ಪಾತ್ರೆ ಟೀಗೆ ಇಡುವ ಉರಿ. ಅಷ್ಟು ಶಾಖ ಒಳಗೆ ನುಸುಳಿದರೆ ಕ್ಯಾನು ಖಾಲಿ. ಹಾಗಾಗಿ ಯಾರಾದರೂ ದಿನ ತಪ್ಪದೆ ಅಳತೆ ಕಡ್ಡಿ ಹಾಕಿ ನೋಡಿ ಸಾರಜನಕ ತುಂಬ್ತಾ ಇರಬೇಕು. ಐವತ್ತು ವರ್ಷ ಇಟ್ಟ ನಳಿಕೆ ಅಂದ್ರೆ ಐವತ್ತು ವರ್ಷ ಒಬ್ಬರಾದ ಮೇಲೊಬ್ಬರು ಮರೆಯದೆ ತುಂಬಿಸಿದ ನಳಿಕೆ ಅಂತ ಅರ್ಥ. ಒಂದು ದೀಪಾವಳಿ ರಜೆಯಲ್ಲಿ ಮರೆತರೆ ಮುಗಿಯಿತು.

ನಳಿಕೆಯನ್ನು ಹುಡುಕುವಾಗ ಕ್ಯಾನಿನ ಕತ್ತಿನಿಂದ ಮೇಲೆ ಎತ್ತಿ ಹಿಡಿದು ಬಣ್ಣ ನೋಡುತ್ತಾ ನಿಂತರೂ ಕೆಡುತ್ತೆ. ಮೈನಸ್ 130 ದಾಟಿ ಬೆಚ್ಚಗಾದರೆ ಒಳಗೆ ಹರಳುಗಳು ಮತ್ತೆ ಬೆಳೆಯುತ್ತವೆ. ವಾಪಸ್ ಮುಳುಗಿಸಿದರೆ ಹೊರಗಿಂದ ನೋಡೋಕೆ ಏನೂ ಆಗಿಲ್ಲ, ಒಳಗೆ ಹಾಳಾಗಿರುತ್ತೆ. ಹಸು ಗಬ್ಬ ನಿಲ್ಲದಿದ್ದಾಗ ನಮ್ಮ ಕಡೆ ಬೈಗುಳ ಬೀಳುವುದು ಹೋರಿಗೆ ಅಥವಾ ಹಸುಗೆ. ಕ್ಯಾನನ್ನು ಯಾರೂ ಬೈಯಲ್ಲ.

ಇನ್ನೊಂದು ವಿಷಯ ಇತಿಹಾಸಕ್ಕೆ ಸೇರಿದ್ದು. ಇದನ್ನು ಓದಿದಾಗ ನಮಗೆ ನಿಜವಾಗಲೂ ಆಶ್ಚರ್ಯ ಆಯ್ತು. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ನಮ್ಮ ಮೈಸೂರಿನ ಅರಮನೆಯ ಡೈರಿ ಫಾರ್ಮ್‌ನಲ್ಲಿ. ಮಾಡಿದವರು ಡಾ. ಸಂಪತ್ ಕುಮಾರನ್. ಹಸುಗಳು ಯಾವುವು? ಹಳ್ಳಿಕಾರ್. ಹೋರಿ? ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಕಪ್ಪು ಬಿಳಿ ಸೀಮೆ ತಳಿ. 33 ಹಸುಗಳು ಗಬ್ಬ ನಿಂತವು. ಅಂದ್ರೆ ಈ ತಂತ್ರಜ್ಞಾನ ನಮ್ಮ ದೇಶಕ್ಕೆ ಕಾಲಿಟ್ಟಿದ್ದೇ ಹಳ್ಳಿಕಾರ್ ಹಸುವಿನ ಮೂಲಕ, ಆದರೆ ಹಳ್ಳಿಕಾರ್ ಕರು ಹುಟ್ಟಿಸೋಕಲ್ಲ. ಹಳ್ಳಿಕಾರ್ ಹೊಟ್ಟೆಯಲ್ಲಿ ಮಿಶ್ರತಳಿ ಹುಟ್ಟಿಸೋಕೆ. "ಕಡ್ಡಿ ಎಲ್ಲಾ ಸೀಮೆಹಸುಗೆ" ಅಂತ ತಾತ ಹೇಳಿದ್ದು ತಮಾಷೆಗಲ್ಲ, ಮೊದಲ ದಿನದಿಂದ ಹಾಗೇ ಇದೆ.

1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನ ಪಕ್ಕ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನೆಯ ಕೇಂದ್ರ ಸರ್ಕಾರದ ಸಂಸ್ಥೆ ಶುರುವಾಯಿತು. 1974ರಿಂದ ವಿಶ್ವಬ್ಯಾಂಕ್ ಸಾಲದ ಡೈರಿ ಯೋಜನೆ ಬಂತು, ಅದರಿಂದಲೇ ಇವತ್ತಿನ ಕೆಎಂಎಫ್ ಬೆಳೆಯಿತು. ಕೋಲಾರ ಜಿಲ್ಲೆಗೆ ಇದು ಜೀವ ಉಳಿಸಿದ ವಿಷಯ, ಇದನ್ನು ಮರೆತು ಬರೆದರೆ ನಮ್ಮ ಮನೆಯವರೇ ನಮ್ಮನ್ನು ಒಳಗೆ ಸೇರಿಸಲ್ಲ. ನದಿ ಇಲ್ಲ, ಕೆರೆ ಒಣಗಿದ್ದವು, ಬೋರ್‌ವೆಲ್ ಸಾವಿರ ಅಡಿ ದಾಟಿದವು. ಹಾಲು ಮತ್ತು ರೇಷ್ಮೆ ಇಲ್ಲದಿದ್ದರೆ ನಮ್ಮಲ್ಲಿ ಇಬ್ಬರ ಕಾಲೇಜ್ ಫೀಸು ಕಟ್ಟೋಕೆ ಆಗ್ತಿರಲಿಲ್ಲ. ಹಳ್ಳಿಕಾರ್ ಹಸು ಒಂದು ಸೂಲಿಗೆ ಕೊಡೋದು ಸರಾಸರಿ 500 ಕೆ.ಜಿ. ಆಸುಪಾಸು ಹಾಲು. ಚೆನ್ನಾಗಿ ಕರೆಯೋ ಸೀಮೆಹಸು ಅಷ್ಟನ್ನು ಎರಡು ತಿಂಗಳೊಳಗೆ ಕೊಟ್ಟುಬಿಡುತ್ತೆ. ಹಳ್ಳಿಕಾರ್ ಇದ್ದದ್ದು ಹಾಲಿಗಲ್ಲ, ಉಳುಮೆಗೆ ಮತ್ತು ಗಾಡಿಗೆ. ಆ ಎರಡೂ ಕೆಲಸಕ್ಕೆ ಟ್ರ್ಯಾಕ್ಟರ್ ಬಂತು.

ಹಾಗಾಗಿ ಇವತ್ತು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಳ್ಳೆ ಹಳ್ಳಿಕಾರ್ ಸಾಕುವವರಲ್ಲಿ ಬಹಳ ಜನ ಸಾಕುವುದು ಜಾತ್ರೆಗೆ. ಆವಣಿ, ದೊಡ್ಡಬಳ್ಳಾಪುರದ ಕಡೆ ಘಾಟಿ ಸುಬ್ರಹ್ಮಣ್ಯ. ನಮ್ಮ ಶೋ ಅಂದ್ರೆ ಇದೇ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಅಂತ ವಿಭಾಗ ಮಾಡಿ ಬಹುಮಾನ ಕೊಡ್ತಾರೆ. ಕೊಂಬು, ಮುಖ, ಗೊರಸು, ನಡಿಗೆ, ಚರ್ಮ ಎಲ್ಲಾ ನೋಡ್ತಾರೆ. ಸುಳಿ ಎಲ್ಲಿದೆ ಅಂತ ನೋಡಿ ರೇಟ್ ಏರಿಸೋದು ಇಳಿಸೋದು ಬೇರೆ. ಟವಲ್ ಕೆಳಗೆ ಬೆರಳು ಹಿಡಿದು ಲಕ್ಷಗಳ ವ್ಯಾಪಾರ ಮುಗಿಸ್ತಾರೆ, ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲ್ಲ. ನಮ್ಮ ಸೈಬರ್ ಸೆಕ್ಯೂರಿಟಿ ಮೇಡಂಗೆ ತೋರಿಸಬೇಕು.

ಇಲ್ಲೇ ಒಂದು ವಿಚಿತ್ರ ಇದೆ, ಅದು ನಮಗೆ ಜಾತ್ರೆಯಲ್ಲಿ ಹೊಳೆಯಲಿಲ್ಲ, ಬಸ್ಸಲ್ಲಿ ಹೊಳೆಯಿತು. ಬಹುಮಾನ ಪಡೆಯುವ ಜೊತೆಗಳಲ್ಲಿ ಬಹಳಷ್ಟು ಎತ್ತುಗಳು. ಎತ್ತು ಅಂದ್ರೆ ಬೀಜ ಒಡೆಸಿದ್ದು. ಅಂದ್ರೆ ಊರಲ್ಲಿ ಎಲ್ಲಕ್ಕಿಂತ ಚೆಂದದ ಗಂಡುಕರು ಹುಟ್ಟಿದರೆ ಅದನ್ನು ಜೊತೆ ಮಾಡಿ, ಬೀಜ ಒಡೆಸಿ, ಮೇಯಿಸಿ, ಜಾತ್ರೆಗೆ ಕಟ್ಟಿ ಲಕ್ಷಗಟ್ಟಲೆಗೆ ಮಾರ್ತೀವಿ. ಅದರ ಗುಣ ಮುಂದಿನ ತಲೆಮಾರಿಗೆ ಹೋಗೋ ದಾರಿಯನ್ನು ನಾವೇ ಮುಚ್ಚಿರ್ತೀವಿ. ಬೀಜದ ಹೋರಿ ಅಂತ ಉಳಿಸಿಕೊಳ್ಳೋರು ಕೆಲವೇ ಜನ, ಅದನ್ನು ಸಾಕೋ ಖರ್ಚು, ಅದರ ಸಿಟ್ಟು ತಡೆಯೋದು ಸುಲಭ ಅಲ್ಲ. ಆ ಕೆಲವು ಹೋರಿಗಳ ಮೇಲೆ ಹತ್ತೂರಿನ ತಳಿ ನಿಂತಿರುತ್ತೆ. ಅದು ಸತ್ತ ದಿನ ತಾತ ಹೇಳಿದ ಮಾತೇ: ಸಾಲು ನಿಂತುಹೋಯ್ತು.

ಬೀಜ ಒಡೆಸುವ ಮುಂಚೆ ವೀರ್ಯ ತೆಗೆದಿಟ್ಟರೆ? ಎತ್ತು ಜಾತ್ರೆಗೆ, ನಳಿಕೆ ಕ್ಯಾನಿಗೆ. ಎರಡೂ ಸಿಗುತ್ತೆ. ಲೆಕ್ಕ ನೋಡಿ. ಒಂದು ಸಲಕ್ಕೆ ಹೋರಿಯಿಂದ ಸುಮಾರು 5 ಮಿಲಿಲೀಟರ್ ಸಿಗುತ್ತೆ ಅನ್ನೋಣ, ಮಿಲಿಲೀಟರಿಗೆ ಸುಮಾರು 100 ಕೋಟಿ ವೀರ್ಯಾಣು. ಒಂದು ನಳಿಕೆಗೆ 2 ಕೋಟಿ ಸಾಕು. ಭಾಗಿಸಿದರೆ 250 ನಳಿಕೆ. ಒಂದೇ ಬೆಳಗ್ಗೆ! ಹೆಪ್ಪುಗಟ್ಟಿಸಿ ಕರಗಿಸಿದ ಮೇಲೆ ಅರ್ಧದಷ್ಟು ವೀರ್ಯಾಣು ಓಡಾಡ್ತಿದ್ದರೆ ಪಾಸು, ಇಲ್ಲಾಂದ್ರೆ ಎಸೆಯುತ್ತಾರೆ. ಕೆಲವು ಹೋರಿಗಳದ್ದು ಹೆಪ್ಪುಗಟ್ಟಿಸೋಕೆ ಸರಿಹೋಗೋದೇ ಇಲ್ಲ, ಅದಕ್ಕೆ ಕಾರಣ ಆ ಹೋರಿಯೇ. ಆದರೂ ನಾಲ್ಕೈದು ಸಲದ ಸಂಗ್ರಹ ಒಂದು ಸಾಲನ್ನು ಉಳಿಸೋಕೆ ಸಾಕು.

ಆದರೆ ಇದನ್ನು ಹಿತ್ತಿಲಲ್ಲಿ ಮಾಡೋಕಾಗಲ್ಲ. ವೀರ್ಯದ ಜೊತೆ ರೋಗವೂ ಹೋಗುತ್ತೆ. ಬ್ರುಸೆಲ್ಲೋಸಿಸ್ ಇರುವ ಒಂದು ಹೋರಿಯ 250 ನಳಿಕೆ ಅಂದ್ರೆ 250 ಹಸುಗಳಿಗೆ ಕಂದು ಹಾಕೋ ಕಾಯಿಲೆ ಹಂಚಿದ ಹಾಗೆ, ಅದು ಮನುಷ್ಯರಿಗೂ ಬರುತ್ತೆ. ಅದಕ್ಕೇ ಕೇಂದ್ರಗಳಲ್ಲಿ ಹೋರಿಯನ್ನು ಬೇರೆ ಕಟ್ಟಿ, ಕ್ಷಯ, ಬ್ರುಸೆಲ್ಲಾ ಇತ್ಯಾದಿ ಟೆಸ್ಟ್ ಮಾಡಿಸಿ, ಆಮೇಲೆ ಒಳಗೆ ಬಿಡ್ತಾರೆ. ಜಾತ್ರೆ ಹೋರಿಯ ಮಾಲೀಕ ತನ್ನ ಹೋರಿಯನ್ನು ಅಷ್ಟು ದಿನ ಬಿಟ್ಟುಕೊಡ್ತಾನಾ? ಊಟ ಬಿಟ್ಟಾನು, ಹೋರಿ ಬಿಡಲ್ಲ. ಇದು ತಂತ್ರಜ್ಞಾನದ ಸಮಸ್ಯೆ ಅಲ್ಲ, ನಂಬಿಕೆಯ ಸಮಸ್ಯೆ, ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಇದೇ. ಹೋರಿ ಇದ್ದಕ್ಕಿದ್ದ ಹಾಗೆ ಸತ್ತರೂ ಒಂದು ಸಣ್ಣ ಅವಕಾಶ ಇದೆ: ವೃಷಣವನ್ನು ತಂಪಾಗಿಟ್ಟು ಒಂದು ದಿನದೊಳಗೆ ಲ್ಯಾಬಿಗೆ ತಲುಪಿಸಿದರೆ ಅದರ ಪಕ್ಕದ ನಾಳದಿಂದ ಜೀವಂತ ವೀರ್ಯಾಣು ತೆಗೆಯಬಹುದು. ಆದರೆ ಇಕ್ಕಳದಿಂದ ಒತ್ತಿ ಬೀಜ ಒಡೆಸುವ ವಿಧಾನದಲ್ಲಿ ಆ ಅವಕಾಶ ಇಲ್ಲ, ಅಲ್ಲಿ ನಾಳವನ್ನು ಜಜ್ಜಿ ಒಳಗೇ ಬಿಡ್ತಾರೆ.

ಹಳ್ಳಿಕಾರ್ ನಳಿಕೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ ಅದೂ ತಯಾರಾಗುತ್ತೆ. ಆದರೆ ಜಾತ್ರೆಯವರು ಒಪ್ಪಲ್ಲ. "ಯಾವ ಹೋರೀದು ಅಂತ ನಾನು ಕಣ್ಣಲ್ಲಿ ನೋಡಿಲ್ಲ" ಅನ್ನೋದು ಅವರ ಮಾತು. ನ್ಯಾಯವೇ ಅಲ್ವಾ? ನಳಿಕೆಯ ಮೇಲೆ ತಳಿ, ಹೋರಿಯ ನಂಬರ್, ಕೇಂದ್ರದ ಗುರುತು, ಬ್ಯಾಚ್ ಅಚ್ಚಾಗಿರುತ್ತೆ. ಕೊಂಬು ಹೇಗಿತ್ತು, ಯಾವ ಊರಿನ ಸಾಲು, ಅದರ ಮಕ್ಕಳು ಯಾವ ಜಾತ್ರೆಯಲ್ಲಿ ಗೆದ್ದರು, ಅದು ಇರಲ್ಲ. ಅದೆಲ್ಲ ಇರುವುದು ತಾತನಂಥವರ ತಲೆಯಲ್ಲಿ. ನಂಬರ್ ಇದ್ದ ಕಡೆ ಕಥೆ ಇಲ್ಲ, ಕಥೆ ಇದ್ದ ಕಡೆ ನಳಿಕೆ ಇಲ್ಲ.

ಇನ್ನೊಂದು ಅಡಚಣೆ ಹಸುವಿನ ಕಡೆಯಿಂದ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ. ಸೀಮೆಹಸು ಕೂಗಿ ಊರಿಗೆಲ್ಲ ಹೇಳುತ್ತೆ. ನಾಟಿ ಹಸುಗಳಲ್ಲಿ ಬೆದೆಯ ಅವಧಿ ಕಡಿಮೆ, ಎಷ್ಟೋ ಸಲ ಮೂಕ ಬೆದೆ, ಲಕ್ಷಣ ತೋರಿಸಲ್ಲ. ಹೋರಿಗೆ ವಾಸನೆಯಲ್ಲಿ ಗೊತ್ತಾಗುತ್ತೆ, ಮನುಷ್ಯನಿಗೆ ಗೊತ್ತಾಗಲ್ಲ. ಇಂಜೆಕ್ಷನ್ ಹಾಕುವವರು ಬರೋ ಹೊತ್ತಿಗೆ ಬೆದೆ ಮುಗಿದಿರುತ್ತೆ. "ಹಳ್ಳಿಕಾರ್‌ಗೆ ಹೋರೀನೇ ಬೇಕು" ಅನ್ನೋದರ ಹಿಂದೆ ಈ ಅನುಭವ ಇದೆ. ಸಾಮಾನ್ಯ ನಳಿಕೆಯಾದರೆ ಮುಂದಿನ ತಿಂಗಳು ಇನ್ನೊಂದು ಹಾಕಿಸಬಹುದು. ಸತ್ತ ಹೋರಿಯ ಹತ್ತೇ ನಳಿಕೆ ಉಳಿದಿದ್ದರೆ ಒಂದೊಂದೂ ವ್ಯರ್ಥ ಆದಾಗ ಹೊಟ್ಟೆ ಉರಿಯುತ್ತೆ.

ಸರಿ, ಇಷ್ಟೆಲ್ಲ ದಾಟಿ ಹಳೇ ಹೋರಿಯ ಕರು ಹುಟ್ಟಿತು ಅಂತಿಟ್ಟುಕೊಳ್ಳೋಣ. ಅದು ಹಳೇ ಹೋರಿಯೇ ಆಗಿಬಿಡುತ್ತಾ? ಇಲ್ಲ. ಅರ್ಧ ಅಪ್ಪನದ್ದು, ಅರ್ಧ ಅಮ್ಮನದ್ದು. ಯಾವ ಅರ್ಧ ಅನ್ನೋದು ನಾಣ್ಯ ಚಿಮ್ಮಿದ ಹಾಗೆ. ಮಿಶ್ರತಳಿ ಹಸುವಿನಿಂದ ಶುರುಮಾಡಿ ಪ್ರತಿ ತಲೆಮಾರಿಗೂ ಬೇರೆ ಬೇರೆ ಹಳ್ಳಿಕಾರ್ ಹೋರಿಯ ನಳಿಕೆ ಹಾಕುತ್ತಾ ಹೋದರೆ ಹೊರಗಿನ ರಕ್ತದ ಪಾಲು ಪ್ರತಿ ಸಲ ಅರ್ಧ ಆಗುತ್ತೆ. ಅಮ್ಮ ಅರ್ಧ ಸೀಮೆ ಆಗಿದ್ದರೆ ಮಗಳು ಕಾಲು, ಮೊಮ್ಮಗಳು ಎಂಟರಲ್ಲೊಂದು. ಐದು ತಲೆಮಾರಿಗೆ ಶೇ. 2ಕ್ಕಿಂತ ಕಡಿಮೆ. ಒಂದು ತಲೆಮಾರಿಗೆ ಮೂರು ನಾಲ್ಕು ವರ್ಷ ಹಿಡಿದರೆ ಹದಿನೈದರಿಂದ ಇಪ್ಪತ್ತು ವರ್ಷ. ನಾವು ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ, ಕೂದಲು ಉದುರಿಸಿಕೊಳ್ಳೋ ಹೊತ್ತಿಗೆ.

ಹಳೇ ಹೋರಿ ಬೇಕು ಅನ್ನೋದು ನಮ್ಮೂರಿನ ಆಸೆ ಮಾತ್ರ ಅಲ್ಲ. ಅಮೆರಿಕಾದಲ್ಲಿ ಶೋ ದನ ಬೆಳೆಸುವವರು ದಶಕಗಳ ಹಿಂದೆ ಸತ್ತ ಹೋರಿಗಳ ನಳಿಕೆಯನ್ನು ಹುಡುಕಿ ಹುಡುಕಿ ಕೊಳ್ತಾರೆ. ಇದಕ್ಕಿಂತ ಗಂಭೀರವಾದ ಕೆಲಸ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಚಾಡ್ ಡೆಕೋ ಮತ್ತು ಅವರ ಜೊತೆಯವರು ಮಾಡಿದ್ದು. ಕೃತಕ ಗರ್ಭಧಾರಣೆಗೆ ಬಳಸುತ್ತಿದ್ದ ಅಮೆರಿಕಾದ ಹೋಲ್‌ಸ್ಟೀನ್ ಹೋರಿಗಳ ಗಂಡು ಸಾಲನ್ನು ಹಿಂದಕ್ಕೆ ಹುಡುಕುತ್ತಾ ಹೋದರೆ ಹೆಚ್ಚುಕಡಿಮೆ ಎಲ್ಲವೂ ಎರಡೇ ಎರಡು ಹೋರಿಗಳಲ್ಲಿ ಹೋಗಿ ನಿಂತವು. ಲಕ್ಷಾಂತರ ದನ, ಎರಡು ಅಪ್ಪಂದಿರು! ಬೇರೆ ಸಾಲುಗಳೆಲ್ಲ ಜೀವಂತವಾಗಿ ಉಳಿದಿರಲಿಲ್ಲ. ಆದರೆ ಅಲ್ಲಿನ ಸರ್ಕಾರದ ವೀರ್ಯ ಭಂಡಾರದಲ್ಲಿ ಕಳೆದುಹೋದ ಸಾಲಿನ ಎರಡು ಹೋರಿಗಳ ಹಳೇ ನಳಿಕೆ ಸಿಕ್ಕಿತು. ಅದನ್ನು ಇವತ್ತಿನ ಒಳ್ಳೆ ಹಸುಗಳಿಗೆ ಬಳಸಿ ಕರು ಪಡೆದರು. ನಿಂತುಹೋದ ಸಾಲು ಮತ್ತೆ ಶುರುವಾಯಿತು. ಅವತ್ತು ಯಾರೋ ಗುಮಾಸ್ತ ಬೇಡದ ಹೋರಿದು ಅಂತ ಎಸೆದುಬಿಟ್ಟಿದ್ದರೆ ಇದು ಆಗ್ತಾನೇ ಇರಲಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಯಾಕಂದ್ರೆ ಹಳೇದೆಲ್ಲ ಚಿನ್ನ ಅನ್ನೋ ಮಾತು ನಮ್ಮ ಗ್ರೂಪಿನಲ್ಲೇ ಇಬ್ಬರು ಹೇಳ್ತಾ ಇದ್ದರು. ಆ ಹೋಲ್‌ಸ್ಟೀನ್ ಸಾಲಿನಲ್ಲಿ 1962ರಲ್ಲಿ ಹುಟ್ಟಿದ ಪಾನಿ ಫಾರ್ಮ್ ಆರ್ಲಿಂಡಾ ಚೀಫ್ ಅನ್ನೋ ಹೋರಿ ಇತ್ತು. ಹಾಲಿನ ವಿಷಯದಲ್ಲಿ ಅದ್ಭುತ. ಅದರ ವೀರ್ಯವನ್ನೂ ಅದರ ಮಕ್ಕಳ ವೀರ್ಯವನ್ನೂ ಪ್ರಪಂಚವೆಲ್ಲ ಬಳಸಿತು. ಆದರೆ ಅದರೊಳಗೆ ಒಂದು ಜೀನ್ ಕೆಟ್ಟಿತ್ತು. ಒಂದೇ ಪ್ರತಿ ಇದ್ದರೆ ಏನೂ ಆಗಲ್ಲ. ಅಪ್ಪನಿಂದಲೂ ಅಮ್ಮನಿಂದಲೂ ಅದೇ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತೆ. ದಶಕಗಳ ಕಾಲ ಯಾರಿಗೂ ಗೊತ್ತಾಗಲಿಲ್ಲ. 2011ರ ಹೊತ್ತಿಗೆ ಡಿಎನ್‌ಎ ಮಾಹಿತಿ ಜೋಡಿಸಿ ನೋಡಿದಾಗ ಸುಳಿವು ಸಿಕ್ಕಿತು. ಪ್ರಪಂಚದಾದ್ಯಂತ ಸುಮಾರು 5 ಲಕ್ಷ ಗರ್ಭಪಾತಗಳಿಗೆ ಇದೊಂದೇ ಕಾರಣ ಅಂತ ಆಮೇಲೆ ಅಂದಾಜು ಮಾಡಿದರು. ಜೀವಂತ ಹೋರಿ ತಪ್ಪು ಮಾಡಿದರೆ ಹತ್ತೂರಿಗೆ. ನಳಿಕೆ ತಪ್ಪು ಮಾಡಿದರೆ ಪ್ರಪಂಚಕ್ಕೆ.

ಹಳೇ ನಳಿಕೆಯಿಂದ ಬರುವ ಇನ್ನೊಂದು ಅಪಾಯ ಏನಂದ್ರೆ, ಹೋರಿ ಸಾಯಲ್ಲ. ಜೀವಂತ ಹೋರಿಯನ್ನು ಅದರ ಮಗಳಿಗೆ ಬಿಡಬಾರದು ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತು ವರ್ಷ ಆದ ಮೇಲೆ ಕ್ಯಾನಿನಿಂದ ತೆಗೆದ ನಳಿಕೆಯ ಹೋರಿ ಈ ಹಸುವಿನ ತಾತ ಅಂತ ಯಾರಿಗೆ ನೆನಪಿರುತ್ತೆ? ತಾತ ಮತ್ತು ಮೊಮ್ಮಗಳ ಕೂಡಿಕೆಯಲ್ಲಿ ಹುಟ್ಟುವ ಕರುವಿನ ಒಳಸಂಬಂಧದ ಪ್ರಮಾಣ ಶೇ. 12.5. ಅಪ್ಪ ಮಗಳದ್ದಾದರೆ ಶೇ. 25. ಒಂದೇ ಫೇಮಸ್ ಹೋರಿಯ ನಳಿಕೆಗೆ ಎಲ್ಲರೂ ಮುಗಿಬಿದ್ದರೆ ಹೀಗಾಗೋದು ಗ್ಯಾರಂಟಿ. ತಳಿಯ ನಿಜವಾದ ಗಾತ್ರ ಅಳೆಯೋಕೆ ಒಂದು ಸರಳ ಸೂತ್ರ ಇದೆ: ಹೋರಿಗಳ ಸಂಖ್ಯೆ, ಹಸುಗಳ ಸಂಖ್ಯೆ ಎರಡನ್ನೂ ಗುಣಿಸಿ, ನಾಲ್ಕರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ. 100 ಹಸು, 1 ಹೋರಿ ಆದರೆ ಉತ್ತರ ಸುಮಾರು 4. ಕೊಟ್ಟಿಗೆಯಲ್ಲಿ 101 ದನ ಇದೆ, ವಂಶದ ಲೆಕ್ಕದಲ್ಲಿ ಇರೋದು ನಾಲ್ಕು! ಅದೇ 100 ಹಸುಗಳಿಗೆ 25 ಹೋರಿ ಆದರೆ 80. ಹಾಗಾಗಿ ಜಾತ್ರೆಯಲ್ಲಿ ಫಸ್ಟ್ ಬಂದ ಒಂದು ಹೋರಿಯ ಸಾವಿರ ನಳಿಕೆ ಇಡುವುದಕ್ಕಿಂತ ಬೇರೆ ಬೇರೆ ಸಾಲಿನ 25 ಹೋರಿಗಳದ್ದು ನಲವತ್ತು ನಲವತ್ತು ನಳಿಕೆ ಇಡುವುದು ಎಷ್ಟೋ ಮೇಲು. ಅದರಲ್ಲಿ ಬಹುಮಾನ ಬಾರದ ಹೋರಿಗಳೂ ಇರಬೇಕು. ಸಿಡ್ನಿಯ ಆ ಟಗರುಗಳನ್ನೇ ನೋಡಿ. 1968ರಲ್ಲಿ ಮೈತುಂಬ ಮಡಿಕೆ ಇರುವ ಟಗರಿಗೆ ಬೇಡಿಕೆ, ಮಡಿಕೆ ಹೆಚ್ಚಾದಷ್ಟೂ ಉಣ್ಣೆ ಹೆಚ್ಚು ಅಂತ. ಆಮೇಲೆ ಆ ಮಡಿಕೆಗಳಲ್ಲೇ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತೆ ಅಂತ ಫ್ಯಾಷನ್ ತಿರುಗಿಹೋಯ್ತು. ಇವತ್ತು ನಾವು ಮೆಚ್ಚೋ ಕೊಂಬು, ಮೆಚ್ಚೋ ಬಣ್ಣ ಐವತ್ತು ವರ್ಷ ಆದ ಮೇಲೆ ಬೇಕಾಗಿರುತ್ತೆ ಅಂತ ಏನೂ ಇಲ್ಲ. ಬಿಸಿಲು ತಡೆಯೋದು, ಕಡಿಮೆ ಮೇವಿನಲ್ಲಿ ಬದುಕೋದು, ಉಣ್ಣೆಗೆ ಜಗ್ಗದೇ ಇರೋದು, ಇಂಥದ್ದನ್ನು ಜಾತ್ರೆಯಲ್ಲಿ ಯಾರೂ ಅಳೆಯಲ್ಲ.

ಅಂದಹಾಗೆ, ದೇಶಿ ದನಗಳ ವೀರ್ಯವನ್ನು ತಳಿವಾರು ಕಾಪಿಡುವ ರಾಷ್ಟ್ರೀಯ ಜೀನ್ ಬ್ಯಾಂಕ್ ಹರಿಯಾಣದ ಕರ್ನಾಲ್‌ನಲ್ಲಿದೆ, 1984ರಲ್ಲಿ ಶುರುವಾದ ಪಶು ಅನುವಂಶೀಯ ಸಂಪನ್ಮೂಲ ಬ್ಯೂರೋದಲ್ಲಿ. ಅಂದ್ರೆ ವ್ಯವಸ್ಥೆ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಕೊಟ್ಟಿಗೆಯಿಂದ ಅಲ್ಲಿಗೆ ದಾರಿ ಮಾಡಬೇಕಷ್ಟೇ.

ಮಧ್ಯದಲ್ಲಿ ನಮ್ಮಂಥವರು ಮಾಡಬಹುದಾದದ್ದು ಒಂದು ಕಾಣಿಸಿತು, ಅದಕ್ಕೆ ಸಾರಜನಕ ಬೇಡ. ಕಥೆಯನ್ನು ನಂಬರಿನ ಪಕ್ಕದಲ್ಲಿ ಬರೆದಿಡೋದು. ಯಾವ ಊರಲ್ಲಿ ಯಾವ ಬೀಜದ ಹೋರಿ ಇದೆ, ಅದರ ಅಪ್ಪ ಅಮ್ಮ ಯಾವುದು, ಎಲ್ಲಿಂದ ತಂದದ್ದು, ಎರಡೂ ಪಕ್ಕದ ಫೋಟೋ, ಯಾವ ಯಾವ ಮನೆಯ ಹಸುಗೆ ಬಿಟ್ಟಿದ್ದಾರೆ. ಇದಿಷ್ಟು ಇದ್ದರೆ ನಾಳೆ ನಳಿಕೆ ಮಾಡಿಸಿದಾಗ ಜಾತ್ರೆಯವರೂ ಒಪ್ಪಿಕೊಳ್ತಾರೆ, ತಾತ ಮೊಮ್ಮಗಳ ತಪ್ಪೂ ಆಗಲ್ಲ. ಒಂದು ಸ್ಪ್ರೆಡ್‌ಶೀಟ್ ಸಾಕು. ಮಾಲೂರಿನವನು ಶುರು ಮಾಡಿದ್ದಾನೆ. ಇಲ್ಲಿವರೆಗೆ ಹನ್ನೊಂದು ಹೋರಿ ಬರೆದಿದ್ದಾನೆ, ಅದರಲ್ಲಿ ನಾಲ್ಕಕ್ಕೆ ಮಾತ್ರ ಅಮ್ಮ ಯಾವುದು ಅಂತ ಗೊತ್ತಾಗಿದೆ.

ಹನ್ನೆರಡನೇ ಸಾಲು ಆವಣಿಯ ತಾತನ ಹೋರಿ. ಫೋನ್ ಮಾಡಿ ಕೇಳಿದ್ವಿ, ಅರ್ಧ ಗಂಟೆ ಹೇಳಿದರು. ಫೋಟೋ ಇದೆಯಾ ಅಂದ್ರೆ, "ಇದೆ ಕಣಪ್ಪ, ಮಗಳ ಮದುವೆ ಆಲ್ಬಮ್‌ನಲ್ಲಿ, ಹಿಂದೆ ಕಟ್ಟಿರೋದು ಅದೇ" ಅಂದರು.